ಆದಂಗ ಲೆಕ್ಕ

ಜಲನಗರದ ನಮ್ಮ ಮನೆಯ ಗೇಟಿನ ಪಕ್ಕ ಒಂದು ಕರಿಕಲ್ಲಿನ ನಾಮಫಲಕ ಇದೆ. ಅದರ ಮೇಲೆ ಬಂಗಾರದ ಬಣ್ಣದಲ್ಲಿ ನನ್ನ ಹೆಸರು. ಹೆಸರು ಮುಗಿಯುವ ಜಾಗದಲ್ಲಿ, ಈಳಿಗೆ ತಾಗಿ ಬೆರಳು ಕೊಯ್ದಾಗ ಹಚ್ಚಿಕೊಳ್ಳುತ್ತೇವಲ್ಲ, ಅಂಥ ಒಂದು ಬ್ಯಾಂಡೇಜ್ ಪಟ್ಟಿ. ಹಾಲು ಹಾಕುವವನು ಒಂದು ಬೆಳಿಗ್ಗೆ ಕ್ಯಾನು ಕೆಳಗಿಟ್ಟು ಅದನ್ನೇ ನೋಡುತ್ತ ನಿಂತ. "ಅಮ್ಮಾರ, ನಿಮ್ಮ ಬೋರ್ಡಿಗೆ ಏನ್ ಪೆಟ್ಟ ಆಗೇತ್ರಿ?"

ಪೆಟ್ಟಾಗಿದ್ದು ಬೋರ್ಡಿಗಲ್ಲ, ನನಗೆ. ಆ ಪಟ್ಟಿಯ ಕೆಳಗೆ 'ಎಂ.ಎ.' ಎಂದು ಕೆತ್ತಿದೆ. ಬೋರ್ಡು ಗೋಡೆಗೆ ಕೂತ ದಿನ ನನಗಿನ್ನೂ ಒಂದು ಇಡೀ ಸೆಮಿಸ್ಟರ್ ಬಾಕಿ ಇತ್ತು. ಕೆತ್ತಿದ್ದನ್ನು ಅಳಿಸಲು ಬರುವುದಿಲ್ಲ. ಹಾಗೇ ಬಿಟ್ಟರೆ ಎದುರುಮನೆಯವರಿಗೆ ಮುಖ ತೋರಿಸಲು ಬರುವುದಿಲ್ಲ. ಕೊನೆಗೆ ಸೊಸೆ ವಿದ್ಯಾ ಫಸ್ಟ್ ಏಡ್ ಡಬ್ಬಿ ತಂದು ಈ ಉಪಾಯ ಮಾಡಿದಳು. ವೆರಿ ಪ್ರಾಕ್ಟಿಕಲ್ ಗರ್ಲ್.

ಈ ವಯಸ್ಸಿನಲ್ಲಿ ಎಂ.ಎ. ಯಾಕೆ, ಅದೂ ಕನ್ನಡದಲ್ಲಿ, ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ. ನಾನು ಕಲಿತದ್ದು ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಸಿಸ್ಟರುಗಳು ನನಗೆ ಕ್ರಾಸ್‌ಸ್ಟಿಚ್ ಕಲಿಸಿದರು, ಪಿಯಾನೋದ ಮೇಲೆ ಒಂದೂವರೆ ಟ್ಯೂನ್ ಕಲಿಸಿದರು, ಇಂಗ್ಲಿಷಿನಲ್ಲಿ ಕನಸು ಕಾಣುವುದನ್ನೂ ಕಲಿಸಿದರು. ಕನ್ನಡ ಅಲ್ಲಿ ಸೆಕೆಂಡ್ ಲ್ಯಾಂಗ್ವೇಜ್. ನನ್ನ ಬಾಳಿನಲ್ಲೂ ಬಹಳ ಕಾಲ ಸೆಕೆಂಡ್ ಆಗಿಯೇ ಉಳಿಯಿತು, ಪಾಪ, ತಕರಾರಿಲ್ಲದೆ.

ಮದುವೆಯಾಗಿ ಬಬಲೇಶ್ವರದ ಮನೆ ತುಂಬಿದ ಮೊದಲ ಶ್ರಾವಣ. ಅತ್ತೆ ಒಂದು ಪುರಾಣದ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟರು. ಬಿ.ಎ. ಕಲಿತ ಸೊಸೆ ಓದುತ್ತಾಳೆಂದು ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಬಂದು ಕೂತಿದ್ದರು. ನಾನು ಓದಿದೆ. ರೈಲ್ವೆ ಟೈಮ್‌ಟೇಬಲ್ ಓದುವವಳ ಹಾಗೆ ಸಾಲುಸಾಲಿಗೂ ನಿಂತು, ಒತ್ತಕ್ಷರ ಬಂದಲ್ಲೆಲ್ಲ ಎಡವಿ, ಎದ್ದು, ಮತ್ತೆ ಎಡವಿ ಓದಿದೆ. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಸೊಸೆಯ ಮಾನ ಕಾಯುವುದು ಬರುತ್ತಿತ್ತು. ನೆರೆದವರಿಗೆ ಅವರೇ ಹೇಳಿದರು: "ನಮ್ಮ ಸೊಸಿ ಇಂಗ್ಲೀಷ್ ಭಾಳ ಚಲೋ ಓದ್ತಾಳ್ರೆವ್ವಾ. ಕನ್ನಡ ಒಂದೀಟ ಕುಂಟತೈತಿ, ಅಷ್ಟs."

ಮರುದಿನ ಪುಸ್ತಕ ಸದ್ದಿಲ್ಲದೆ ನನ್ನ ನೆಗೆಣ್ಣಿಯ, ಅಂದರೆ ಓರಗಿತ್ತಿಯ, ತೊಡೆಗೆ ಹೋಯಿತು. ಅವಳು ಏಳನೇ ಇಯತ್ತೆ ಕಲಿತವಳು, ನೀರು ಹರಿದ ಹಾಗೆ ಓದಿದಳು. ನಾನು ಕಂಬಕ್ಕೆ ಒರಗಿ ಕೇಳುತ್ತ ಕುಳಿತೆ. ಆಮೇಲೆ ವಿಜಯಪುರಕ್ಕೆ ಬಂದೆವು, ನಾನು ಸಾಲಿಯೊಂದರಲ್ಲಿ ಇಂಗ್ಲಿಷ್ ಟೀಚರಾದೆ, ನಿವೃತ್ತಳಾದೆ, ಯಜಮಾನರು ಹೋದರು, ಅತ್ತೆ ಅವರಿಗಿಂತ ಮೊದಲೇ ಹೋಗಿದ್ದರು. ಆ "ಒಂದೀಟ ಕುಂಟತೈತಿ" ಮಾತ್ರ ಎಲ್ಲೂ ಹೋಗಲಿಲ್ಲ. ಎಪ್ಪತ್ತರ ಹೊಸ್ತಿಲಲ್ಲಿ ಒಂದು ದಿನ ಹೋಗಿ ದೂರಶಿಕ್ಷಣದ ಕನ್ನಡ ಎಂ.ಎ.ಗೆ ಹೆಸರು ಹಚ್ಚಿಸಿ ಬಂದೆ. ಕಾರಣ ಇಷ್ಟೇ.

ಮೊದಲ ಮೂರು ಸೆಮಿಸ್ಟರ್ ಭರದಿಂದ ಹೋದವು. ಯಾರಿಗೂ ನನ್ನ ಮೇಲೆ ಭರವಸೆ ಇರಲಿಲ್ಲವಾದ್ದರಿಂದ ನಾನು ಚೆನ್ನಾಗಿಯೇ ಓದಿದೆ. ಕೆಟ್ಟದ್ದು ಮೂರನೆಯದರ ಫಲಿತಾಂಶ ಬಂದಾಗ. ನಮ್ಮ ಮಹಿಳಾ ಮಂಡಳದವರು ನನಗೆ ಸತ್ಕಾರ ಮಾಡುವುದೆಂದು ಠರಾಯಿಸಿಬಿಟ್ಟರು. ಇನ್ನೂ ಮುಗಿದಿಲ್ಲ, ಒಂದು ಸೆಮಿಸ್ಟರ್ ಇದೆ, ಎಂದು ನಾನು ಕೈಮುಗಿದು ಹೇಳಿದೆ. ಕಾರ್ಯದರ್ಶಿಬಾಯಿ ನನ್ನ ಮಾತನ್ನು ನೊಣದ ಹಾಗೆ ಓಡಿಸಿದರು. "ಒಂದ ಸೆಮಿಸ್ಟರ್ ಏನ್ ಬಿಡ್ರಿ ಅಕ್ಕಾರ. ಆದಂಗ ಲೆಕ್ಕ."

ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಕಿನಲ್ಲಿ ಭಾಷಣ. "ಈ ಇಳಿವಯಸ್ಸಿನಲ್ಲಿ ಎಂ.ಎ. ಪದವಿ ಪಡೆದ" ಎಂದು ಅವರು ಶುರುಮಾಡಿದಾಗ ನಾನು ಪಕ್ಕದಿಂದ "ಪಡೆಯಲಿರುವ" ಎಂದು ಪಿಸುಗುಟ್ಟಿದೆ. ಮೈಕು ಅವರ ಕೈಯಲ್ಲಿತ್ತು. ಅದೇ ವಾರ ಮಗ ಸಂಜು ಸರ್‌ಪ್ರೈಸ್ ಎಂದು ಈ ಕರಿಕಲ್ಲಿನ ಫಲಕ ತಂದು ಕೂಡಿಸಿದ. ಅವನದೂ ಅದೇ ಮಾತು. "ಆದಂಗ ಲೆಕ್ಕ ಅಲ್ಲೇನ್ ಅವ್ವಾ?" ಬ್ಯಾಂಕಿನಲ್ಲಿ ಕೆಲಸ ಮಾಡುವವನು ಬಾಕಿ ಇದ್ದುದನ್ನು ಜಮಾ ಎಂದು ಬರೆದುಕೊಂಡ, ಹೆತ್ತವ್ವನ ವಿಷಯದಲ್ಲಿ.

ನೋಡಿ, ಯಾವುದೇ ಕೆಲಸದ ಕೊನೆಯ ಮೈಲನ್ನು ಕೊಲ್ಲುವುದು ಸೋಮಾರಿತನ ಎಂದು ನಾವು ತಿಳಿದಿದ್ದೇವೆ. ನನ್ನ ಅನುಭವ ಬೇರೆ. ಅದನ್ನು ಕೊಲ್ಲುವುದು ಮೊದಲೇ ಬಂದುಬಿಟ್ಟ ಚಪ್ಪಾಳೆ. ಕಾನ್ವೆಂಟಿನ ಸ್ಪೋರ್ಟ್ಸ್ ಡೇಯಲ್ಲಿ ನಾನೊಮ್ಮೆ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದೆ. ಇನ್ನೇನು ರಿಬ್ಬನ್ನು ಹತ್ತಿರ ಬರುತ್ತಿದೆ, ಮೈದಾನ ತುಂಬ ಚಪ್ಪಾಳೆ ಎದ್ದಿತು. ಗೆದ್ದೇ ಬಿಟ್ಟೆ ಎಂದು ನಿಂತು, ಸಿಸ್ಟರುಗಳು ಕಲಿಸಿದ ಹಾಗೆ ಮೊಣಕಾಲು ಬಗ್ಗಿಸಿ ವಂದಿಸಿದೆ ಕೂಡ. ಚೀಫ್ ಗೆಸ್ಟ್ ಕಾರಿನಿಂದ ಇಳಿದಿದ್ದರು, ಚಪ್ಪಾಳೆ ಅವರಿಗೆ. ಹಿಂದಿದ್ದ ಹುಡುಗಿಯರು ನನ್ನ ಎರಡೂ ಕಡೆಯಿಂದ ಓಡಿಹೋದರು. ಅರವತ್ತು ವರ್ಷ ತಡವಾಗಿ ಅದೇ ವಂದನೆಯನ್ನು ಈಗ ಶಾಲು ಹೊದ್ದುಕೊಂಡು ಮಾಡುತ್ತಿದ್ದೆ.

ಹೋದ ವರ್ಷದ ಪರೀಕ್ಷೆ ಕಣ್ಣಿನ ಆಪರೇಶನ್ನಿನ ನೆಪದಲ್ಲಿ ತಪ್ಪಿತು. ಈ ವರ್ಷ ನೆಪ ಇರಲಿಲ್ಲ, ಅವಕಾಶವೂ ಇದೊಂದೇ. ನೋಂದಣಿಯ ಅವಧಿ ಈ ಬೇಸಿಗೆಗೆ ಮುಗಿಯುತ್ತಿತ್ತು. ಪರೀಕ್ಷೆಗೆ ಕೂಡದಿದ್ದರೆ ಹಿಂದಿನ ಮೂರು ಸೆಮಿಸ್ಟರೂ ನೀರಿನಲ್ಲಿ ಹೋದ ಹಾಗೆ. ಇದನ್ನು ಬಲ್ಲವಳಾಗಿಯೂ ನಾನು ಪುಸ್ತಕ ತೆರೆದ ಕೂಡಲೇ ಮಸಾಲೆ ಡಬ್ಬಿಗಳನ್ನು ತೊಳೆಯಲು ಎದ್ದುಹೋಗುತ್ತಿದ್ದೆ. ಗೋಡೆಗೆ ಟೈಮ್‌ಟೇಬಲ್ ಅಂಟಿಸಿದೆ. ಮೊಬೈಲಿನಲ್ಲಿ ಮೋಟಿವೇಶನ್ ವಿಡಿಯೋ ನೋಡಿದೆ. ಕೋಟು ಹಾಕಿಕೊಂಡ ಹುಡುಗನೊಬ್ಬ ನನ್ನ ಒಳಗೆ ಮಲಗಿರುವ ಸಿಂಹವನ್ನು ಎಬ್ಬಿಸು ಎಂದು ಕೂಗಿದ. ಈ ಮೊಣಕಾಲು ಇಟ್ಟುಕೊಂಡು ಸಿಂಹ ಎದ್ದರೂ ಎಲ್ಲಿಗೆ ಹೋಗಬೇಕು?

ಒಂದು ಸಂಜೆ ಬಾರಾ ಕಮಾನಿನ ಹುಲ್ಲಿನ ಮೇಲೆ ಕೂತು ಸಮಾಧಾನವನ್ನೂ ಹುಡುಕಿದೆ. ಎಂಥ ದೊಡ್ಡ ಗೋರಿಗೆಂದು ಎಬ್ಬಿಸಿದ್ದು, ಮೇಲೆ ಗುಮ್ಮಟ ಏರಲೇ ಇಲ್ಲ, ಬರೇ ಕಮಾನುಗಳು ಆಕಾಶಕ್ಕೆ ನಿಂತಿವೆ. ಆದರೂ ಜನ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಅರ್ಧಕ್ಕೆ ನಿಂತದ್ದರಲ್ಲೂ ಒಂದು ಗ್ರೇಸ್ ಇದೆಯಲ್ಲ ಎಂದುಕೊಂಡೆ. ಎದ್ದು ಸೀರೆಗೆ ಅಂಟಿದ ಹುಲ್ಲು ಝಾಡಿಸುವಾಗ ಬುದ್ಧಿ ಬಂತು. ಆ ಮಾತು ಸುಲ್ತಾನರಿಗೆ, ಅದೂ ಕಲ್ಲಿನಲ್ಲಿ ಕಟ್ಟಿಸಿದರೆ. ನನ್ನ ಅರ್ಧ ಎಂ.ಎ. ಮುಂದೆ ನಿಂತು ಫೋಟೋ ಯಾರು ತೆಗೆಸಿಕೊಳ್ಳುತ್ತಾರೆ?

ಕೊನೆಗೆ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಪುಸ್ತಕಗಳನ್ನೆಲ್ಲ ಒಂದು ಬ್ಯಾಗಿಗೆ ತುಂಬಿ ಅಥಣಿ ರಸ್ತೆಯ ಬಸ್ಸು ಹತ್ತಿದೆ. ಟಿಕೋಟಾದಲ್ಲಿ ಶಂಶಾದ್ ಇದ್ದಾಳೆ. ನನ್ನ ಕ್ಲಾಸ್‌ಮೇಟ್. ನಲವತ್ತರ ಆಸುಪಾಸು, ಅಲ್ಲಿಯ ಸಾಲಿಯಲ್ಲಿ ಕನ್ನಡ ಕಲಿಸುತ್ತಾಳೆ, ಎಂ.ಎ. ಮುಗಿದರೆ ಪಿಯು ಕಾಲೇಜಿನಲ್ಲಿ ಕಲಿಸುವ ಆಸೆ. ಸಂಪರ್ಕ ತರಗತಿಗಳಲ್ಲಿ ಮೂರು ಸೆಮಿಸ್ಟರ್ ನನ್ನ ಪಕ್ಕದಲ್ಲೇ ಕೂತವಳು, ಮೊದಲ ದಿನದಿಂದ ನನ್ನನ್ನು ಆಂಟಿ ಎನ್ನುತ್ತಾಳೆ. ಕ್ಲಾಸ್‌ಮೇಟನ್ನು ಯಾರಾದರೂ ಆಂಟಿ ಎನ್ನುತ್ತಾರೆಯೇ ಎಂದು ನಾನು ಕೇಳಿದ್ದಕ್ಕೆ, "ಮತ್ತೇನ ಅಜ್ಜಿ ಅನ್ಲ್ಯಾ?" ಎಂದಿದ್ದಳು. ಹೋದ ವರ್ಷ ಅವಳೂ ಪರೀಕ್ಷೆ ತಪ್ಪಿಸಿದ್ದಳು. ನನಗೆ ಕಣ್ಣು, ಅವಳಿಗೆ ಮನೆಯ ತೋಟದ ದ್ರಾಕ್ಷಿ ಸುಗ್ಗಿ. ಪುಸ್ತಕಗಳನ್ನು ಅವಳಿಗೆ ಒಪ್ಪಿಸಿ, ನಾನು ಕೂಡುವುದಿಲ್ಲ ಎಂದು ಹೇಳಿ ಬರಬೇಕೆಂದೇ ಹೊರಟಿದ್ದೆ.

ಬೇಸಿಗೆಯ ಬೆಳಗಿನ ಸಾಲಿ ಮುಗಿಸಿ ಅವಳು ತೋಟದ ಶೆಡ್ಡಿನಲ್ಲಿದ್ದಳು. ಮೇಲೆ ತಗಡು, ಸುತ್ತ ಗಾಳಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಒಣಗುತ್ತಿರುವ ದ್ರಾಕ್ಷಿ. ಹಸಿರು ಹೋಗಿ ಬಂಗಾರ ಬಂದಿತ್ತು, ಮೈಯೆಲ್ಲ ಸುಕ್ಕು. ನನ್ನ ಕಣ್ಣಿಗೆ ಅವು ಆಗಲೇ ಒಣದ್ರಾಕ್ಷಿ. ಅವಳ ಮೈದುನ ರಫೀಕನಿಗೂ ಹಾಗೇ ಕಂಡಿರಬೇಕು.

"ಭಾಬೀ, ಆಗ್ಯಾವ. ನಾಳೆ ಇಳಸೂಣು."

ಶಂಶಾದ್ ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿದಳು, ಬಿಟ್ಟಳು. ಅಂಗೈಯಲ್ಲಿ ಎಲ್ಲ ಒಂದಕ್ಕೊಂದು ಅಂಟಿ ಕೂತಿದ್ದವು. "ಎಲ್ಲಿ ಆಗ್ಯಾವೋ? ನೋಡಿಲ್ಲಿ, ಲಾಡೂ ಆಗೇತಿ. ಆದಮ್ಯಾಲ ಮುಷ್ಟಿ ಬಿಟ್ಟರ ಬಿಡಿಬಿಡಿ ಆಗಿ ಉದರಬೇಕು."

"ಮ್ಯಾಲ ನೋಡಿದ್ರ ಆದಂಗ ಅದಾವಲ್ಲ."

"ಆದಂಗ ಇದ್ದದ್ದನ್ನ ಡಬ್ಬ್ಯಾಗ ತುಂಬು, ನಾಕ ದಿನದಾಗ ವಾಸನಿ ಹೊಡೀತಾವ. ಆಮ್ಯಾಲ ನೀನs ಕುಂತ ತಿನ್ನು."

ರಫೀಕ ನಗುತ್ತ ಹೋದ. ಆಗ ಅವಳು ನನ್ನನ್ನೂ ಬ್ಯಾಗನ್ನೂ ನೋಡಿದಳು. "ಏನ್ರಿ ಆಂಟಿ, ಇಷ್ಟ ಪುಸ್ತಕ ಹೊತಗೊಂಡ ಬಂದೀರಿ, ಪರೀಕ್ಷಿ ನಮ್ಮ ಶೆಡ್ಡಿನ್ಯಾಗ ಇಟ್ಟಾರೇನು?"

ನಾನು ಹೇಳಬೇಕಾದ್ದನ್ನು ಹೇಳಿದೆ. ವಯಸ್ಸು, ಕಣ್ಣು, ಮೊಣಕಾಲು, ಇನ್ನು ಈ ಪದವಿ ತೆಗೆದುಕೊಂಡು ಏನು ಮಾಡುವುದು, ಎಲ್ಲ. ಅವಳು ಕೇಳಿಸಿಕೊಂಡಳು. ಬ್ಯಾಗು ತೆಗೆದುಕೊಳ್ಳಲಿಲ್ಲ. ನನ್ನ ಮುಂಗೈ ಹಿಡಿದು ಆ ಅಂಟುಕೈಯಿಂದಲೇ ಒಮ್ಮೆ ಒತ್ತಿದಳು. "ನೀವೂ ಹಿಂಗs ಅದೀರಿ ನೋಡ್ರಿ. ಮ್ಯಾಲ ಶಾಲ್ ಹೊಚ್ಯಾರ, ಒಳಗ ಇನ್ನs ಹಸಿ."

ಸಿಟ್ಟು ಬಂತು. "ನೀ ಭಾರೀ ಓದಾಕತ್ತೀ ಏನು?" ಎಂದೆ.

"ಎಲ್ಲಿ ಓದ್ತೀನ್ರಿ ಯಪ್ಪಾ! ಪುಸ್ತಕ ತಗದರ ನಿದ್ದಿ, ಮುಚ್ಚಿದರ ಚಿಂತಿ. ಹೆಂಗೂ ಬಂದೀರಿ, ಒಂದ್ ನಾಕ ಪಾನ ಓದ್ರಿ. ನಾ ಕೈಗೆಲಸ ಮಾಡಕೋತ ಕೇಳ್ತೀನಿ. ಒಬ್ಬರದ ಓದು, ಇಬ್ಬರಿಗೆ ಪುಣ್ಯ."

ಮರಳುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಖಾಲಿ ಕ್ರೇಟೊಂದನ್ನು ಬೋರಲು ಹಾಕಿ ಕೂತೆ. ಹಳಗನ್ನಡ ಕಾವ್ಯದ ಪಠ್ಯ ತೆಗೆದು ಒಂದೊಂದು ಪದ್ಯ ಓದುವುದು, ಅರ್ಥ ಹೇಳುವುದು, ಮತ್ತೆ ಓದುವುದು. ಶೆಡ್ಡಿನ ಇನ್ನೊಂದು ತುದಿಯಲ್ಲಿ ಕನಮಡಿ ಕಡೆಯ ನಾಲ್ಕಾರು ಹೆಂಗಸರು ಮೊದಲೇ ಒಣಗಿಸಿ ಇಳಿಸಿದ್ದ ದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದರು. ಅವರ ಮಾತು ನಿಂತಿತ್ತೆಂದು ನನಗೆ ಗೊತ್ತಾಗಿದ್ದು ನಾನು ಉಸಿರಿಗೆಂದು ನಿಂತಾಗ. ಅವರಲ್ಲಿ ಹಿರಿಯಳು, ಗಂಗವ್ವ ಎಂದು, ಪಕ್ಕದವಳಿಗೆ ಹೇಳುತ್ತಿದ್ದಳು: "ಓದೂದು ಚಲೋ ಓದ್ತಾರವ್ವಾ. ಒಂದೀಟ ಕುಂಟತಾರ, ಅಷ್ಟs."

ಅರ್ಧ ಶತಮಾನ ಹಿಂದಿನ ಪಡಸಾಲೆ ಆ ತಗಡಿನ ಕೆಳಗೆ ಬಂದು ನಿಂತ ಹಾಗಾಯಿತು. ಅದೇ ತೀರ್ಪು, ಹೆಚ್ಚುಕಡಿಮೆ ಅವೇ ಮಾತು. ಆದರೆ ಈ ಸಲ ಪುಸ್ತಕ ಬೇರೆಯವರ ತೊಡೆಗೆ ಹೋಗಲಿಲ್ಲ. ಗಂಗವ್ವ ನನ್ನ ಕಡೆ ತಿರುಗಿದಳು. "ಅಲ್ರೀ, ಆ ರಾಜನ ಮಗಾ ಒಬ್ಬವನs ಅಡಿವ್ಯಾಗ ಹೊಂಟನಲ್ಲ. ಮುಂದ ಏನಾತ್ರೀ?"

ನನಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ಆ ಕಾವ್ಯ ನನ್ನ ಮನೆಯಲ್ಲಿದೆ. ಅದರ ಛಂದಸ್ಸು ಗೊತ್ತು, ವಿಮರ್ಶಕರು ಅದರ ಬಗ್ಗೆ ಏನಂದಿದ್ದಾರೆಂದು ಗೊತ್ತು, ಐದು ಅಂಕಕ್ಕೆ ಎಷ್ಟು ಬರೆಯಬೇಕೆಂದು ಗೊತ್ತು. ಆ ಹುಡುಗನಿಗೆ ಅಡವಿಯಲ್ಲಿ ಏನಾಯಿತೆಂದು ತಿಳಿದುಕೊಳ್ಳುವ ದರ್ದು ಮಾತ್ರ ನನಗೆ ಒಮ್ಮೆಯೂ ಹತ್ತಿರಲಿಲ್ಲ. "ನಾಳೆ ಹೇಳ್ತೀನಿ" ಎಂದೆ. ಬ್ಯಾಗು ನನ್ನ ಜೊತೆಗೇ ಬಸ್ಸು ಹತ್ತಿತು.

ಮರುದಿನದಿಂದ ದಿನಾ ಮಧ್ಯಾಹ್ನ ಮೂರಕ್ಕೆ ಶಂಶಾದಳ ಫೋನು. ಅವಳು ಸ್ಪೀಕರ್ ಹಾಕಿ ಕ್ರೇಟಿನ ಮೇಲಿಡುವುದು, ನಾನು ಜಲನಗರದಲ್ಲಿ ಚಷ್ಮಾ ಏರಿಸಿ ಓದುವುದು. ಮಧ್ಯಾಹ್ನ ಹೇಳಬೇಕೆಂದರೆ ಬೆಳಿಗ್ಗೆ ನನಗೆ ತಿಳಿದಿರಬೇಕು. ಹೀಗೆ ಮಸಾಲೆ ಡಬ್ಬಿಗಳಿಗೆ ಮತ್ತೆ ಧೂಳು ಕೂತಿತು. ಆ ಹೆಂಗಸರು ಸುಲಭದ ಕೇಳುಗರಲ್ಲ. ವರ್ಣನೆ ಉದ್ದವಾದರೆ "ಇರಲಿ, ಆ ಚಂದ್ರನ ಮುಂದ ನೂಕ್ರಿ" ಎನ್ನುತ್ತಿದ್ದರು. ರಾಣಿ ಅತ್ತರೆ "ಅಳೂದೇನೈತಿ, ಗಂಡಗ ನಾಕ ಮಾತ ಅನಬೇಕಿತ್ತು" ಎಂದು ಗಂಗವ್ವ ತೀರ್ಪು ಕೊಡುತ್ತಿದ್ದಳು. ಅವಳ ತೀರ್ಪುಗಳಲ್ಲಿ ಒಂದನ್ನು ಮುಂದೆ ಪರೀಕ್ಷೆಯಲ್ಲಿ "ಕೆಲವರ ಅಭಿಪ್ರಾಯದಂತೆ" ಎಂದು ಬರೆದೇ ಬಂದೆ. ಶಂಶಾದ್ ಪ್ರಶ್ನೆ ಕೇಳುವ ನೆಪದಲ್ಲಿ ತಾನೂ ಓದಿಕೊಂಡಳು. ಒಂದು ದಿನ ನಾನು ಫೋನು ಇಡುವ ಮೊದಲು ಗಂಗವ್ವನ ದನಿ ದೂರದಿಂದ ಕೇಳಿತು: "ಈಗ ಕುಂಟೂದ ಕಡಿಮಿ ಆಗೇತಿ ನೋಡವ್ವಾ." ಆ ಸತ್ಕಾರಕ್ಕೆ ಶಾಲು ಇರಲಿಲ್ಲ. ಅತ್ತೆಗೆ ಹೇಳಬೇಕಿತ್ತು ಅನ್ನಿಸಿತು.

ಮೋಟಿವೇಶನ್ ಎಂಬುದನ್ನು ನಾನು ಗ್ಯಾಸ್ ಸಿಲಿಂಡರ್ ಎಂದು ತಿಳಿದಿದ್ದೆ, ಮುಗಿದರೆ ಇನ್ನೊಂದನ್ನು ಬುಕ್ ಮಾಡಬೇಕು. ಅದು ಹಾಗಲ್ಲವೇನೋ. ಭೇಷ್ ಎನ್ನುವವರು ನೂರು ಜನ ಇದ್ದರೂ ಕಾಲು ಏಳುವುದಿಲ್ಲ, "ಮುಂದ ಏನಾತು" ಎಂದು ಕೇಳುವ ಒಬ್ಬರಿದ್ದರೆ ಎದ್ದುಬಿಡುತ್ತದೆ. ಡಿಗ್ರಿಯ ಕೊನೆಯಲ್ಲಿ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿರುವ ನಿಮ್ಮ ಮನೆಯ ಹುಡುಗ ಹುಡುಗಿಯರನ್ನು ಎಷ್ಟಾಯಿತು ಎಂದು ಕೇಳಬೇಡಿ, ಮುಂದೆ ಏನಾಯಿತು ಎಂದು ಕೇಳಿ ನೋಡಿ.

ಮೇ ತಿಂಗಳ ಬಿಸಿಲಿನಲ್ಲಿ ನಾವಿಬ್ಬರೂ ಪರೀಕ್ಷೆ ಬರೆದೆವು, ಮುಂದೆ ಹಿಂದೆ ಕೂತು. ಕೊನೆಯ ಪೇಪರಿನ ಸಂಜೆ ಸಂಜು ಗೇಟಿನ ಬಳಿ ಉಗುರು ಸಜ್ಜು ಮಾಡಿಕೊಂಡು ನಿಂತಿದ್ದ. "ಅವ್ವಾ, ಈಗರೆ ಪಟ್ಟಿ ಕೀಳಲೇನು? ಬರದ ಬಂದೀ ಅಂದ್ರ ಪಾಸ್ ಆದಂಗ ಲೆಕ್ಕ."

"ಕೈ ತಗೀಲೇ" ಎಂದೆ. "ಇನ್ನs ಒಣಗಲಿ."

ಫಲಿತಾಂಶ ಇನ್ನೂ ಬಂದಿಲ್ಲ. ಮೂರು ಗಂಟೆಯ ಫೋನು ಮಾತ್ರ ಇವತ್ತೂ ಬಂತು. ಶೆಡ್ಡು ಖಾಲಿಯಾಗಿದೆ, ಈಗ ಗಂಗವ್ವನ ಗುಂಪು ಶಂಶಾದಳ ಅಂಗಳದಲ್ಲಿ ಒಣದ್ರಾಕ್ಷಿ ಆರಿಸಲು ಕೂಡುತ್ತದೆ. ನಮ್ಮ ಸಿಲೆಬಸ್ಸಿನಲ್ಲಿದ್ದದ್ದು ಆ ಕಾವ್ಯದ ಮೂರು ಭಾಗ ಅಷ್ಟೇ, ಮುಗಿಯಿತು, ಎಂದರೆ ಅವರು ಒಪ್ಪುವುದಿಲ್ಲ. ರಾಜನ ಮಗ ಇನ್ನೂ ಅಡವಿಯಲ್ಲೇ ಇದ್ದಾನಂತೆ, ಅವನನ್ನು ಅಲ್ಲೇ ಬಿಟ್ಟು ನಾನು ಹೇಗೆ ಪಾಸಾಗುತ್ತೇನೆ ಎಂದು ಅವರ ಪ್ರಶ್ನೆ. ಇಡೀ ಪುಸ್ತಕ ತರಿಸಿದ್ದೇನೆ. ದಪ್ಪ ಇದೆ.