ಆರ್ವಿಡ್ ಹಾಕಿದ ರೈಟ್ ಗುರುತು

ವರ್ನಾ ಟಾಲೆಫ್ಸನ್ ನಿಯಮ ಮೀರಿದ್ದನ್ನು ಯಾರೂ ಕಂಡಿಲ್ಲ. ಅಮೆರಿಕದ ದಕ್ಷಿಣ ಡಕೋಟ ರಾಜ್ಯದ ತನ್ನ ಊರಿನಲ್ಲಿ ಇಪ್ಪತ್ತೆರಡು ವರ್ಷ ಮತಗಟ್ಟೆ ನಡೆಸಿದವಳು. ಗಂಡ ತೀರಿಕೊಂಡ ವಾರವೇ ಚುನಾವಣೆ ಬಂದಾಗ ಕಪ್ಪು ಬಟ್ಟೆಯಲ್ಲೇ ಬಂದು ಪೆಟ್ಟಿಗೆಯ ಪಕ್ಕ ಕೂತಿದ್ದಳು. ಇಂಥವರನ್ನು ಕಂಡರೆ ಊರಿಗೆ ಗೌರವವೂ ಇರುತ್ತದೆ, ಸ್ವಲ್ಪ ಕಿರಿಕಿರಿಯೂ ಇರುತ್ತದೆ.

ಅವಳ ತಮ್ಮ ಆರ್ವಿಡ್‌ಗೆ ಡೇರಿಯಲ್ಲಿ ಹಾಲಿನ ಕ್ಯಾನುಗಳನ್ನು ಮೂಸಿ ನೋಡುವ ಕೆಲಸ. ಹಾಲು ಚೆನ್ನಾಗಿದ್ದರೆ ಮುಚ್ಚಳದ ಮೇಲೆ ಉದ್ದ ಬಾಲದ ರೈಟ್ ಗುರುತು, ಹುಳಿ ಬಂದಿದ್ದರೆ ಇಂಟು ಗುರುತು. ಇಂಟು ಬಿದ್ದ ಹಾಲು ಹಂದಿಗಳ ಪಾಲು. ವಯಸ್ಸು ಐವತ್ತರ ಹತ್ತಿರ ಬಂದರೂ ಆತ ಒಮ್ಮೆಯೂ ಮತ ಹಾಕಿರಲಿಲ್ಲ. ವರ್ನಾ ಹೇಳಿ ಹೇಳಿ ಸೋತಿದ್ದಳು.

೧೯೪೮ರಲ್ಲಿ ಸೆನೆಟ್ ಸ್ಥಾನಕ್ಕೆ ಕಿಟೆಲ್ಸನ್ ನಿಂತ. ಹೊಲಮನೆಗಳಿಗೆ ಕರೆಂಟು ತರಿಸಲು ಊರೂರು ತಿರುಗಿ ಹೋರಾಡಿದವನು. ಆ ನವೆಂಬರಿನಲ್ಲಿ ಆರ್ವಿಡ್ ಕ್ಷೌರ ಮಾಡಿಸಿಕೊಂಡು, ಚರ್ಚಿಗೆ ಹಾಕುವ ಕೋಟು ತೊಟ್ಟು ಮತಗಟ್ಟೆಗೆ ಬಂದ.

“ಏನೋ, ಮದುವೆ ಗಂಡಿನ ಹಾಗೆ ಬಂದಿದೀಯ?” ಎಂದಳು ವರ್ನಾ.

“ಸುಮ್ನೆ ಚೀಟಿ ಕೊಡಕ್ಕಾ. ಒಂದು ಗುರುತು ತಾನೆ, ದಿನಾ ಇನ್ನೂರು ಹಾಕ್ತೀನಿ.”

ಬೇಕಾದವರ ಹೆಸರಿನ ಮುಂದೆ ಇಂಟು ಹಾಕಬೇಕು ಕಣೋ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೇಳದೆ ಯಾರಿಗೂ ಹೇಳಿಕೊಡಬಾರದೆಂಬುದು ನಿಯಮ. ಗೋಡೆಗೆ ಸೂಚನೆ ಅಂಟಿಸಿದೆಯಲ್ಲ, ಓದಿಕೊಳ್ಳಲಿ ಎಂದು ಚೀಟಿ ಕೊಟ್ಟಳು.

ಮತದಾನ ಮುಗಿದು ಎಣಿಕೆಗೆ ಕೂತಾಗ ಆ ಚೀಟಿ ಬಂತು. ಕಿಟೆಲ್ಸನ್ ಹೆಸರಿನ ಮುಂದೆ ಉದ್ದ ಬಾಲದ ರೈಟ್ ಗುರುತು. ನಂಬಿದ ಮನುಷ್ಯನ ಹೆಸರಿಗೆ ಆರ್ವಿಡ್ ಇಂಟು ಹಾಕುವುದಾದರೂ ಹೇಗೆ?

ಜೊತೆಗೆ ಎಣಿಸುತ್ತಿದ್ದ ಪಕ್ಕದ ಮನೆಯ ಇಂಗಾಳಿಗೂ ಅದು ಯಾರದೆಂದು ತಿಳಿಯಿತು. “ಯಾರಿಗೆ ಹಾಕಿದಾನೆ ಅಂತ ಕುರುಡರಿಗೂ ಗೊತ್ತಾಗತ್ತೆ. ಹೋಗ್ಲಿ ಬಿಡೇ ವರ್ನಾ, ಸೇರಿಸು.”

“ಕಾನೂನಲ್ಲಿ ಇಂಟು ಅಂತ ಇದೆ,” ಎಂದು ವರ್ನಾ ಚೀಟಿಯನ್ನು ತಿರಸ್ಕರಿಸಿದ ಮತಗಳ ಕಟ್ಟಿಗೆ ಹಾಕಿದಳು.

ಕಿಟೆಲ್ಸನ್ ಸಾವಿರಾರು ಮತಗಳಿಂದ ಸೋತ. ಒಂದು ಮತದಿಂದ ಏನೂ ಆಗುತ್ತಿರಲಿಲ್ಲ. ಮಾರನೆಯ ದಿನ ಆರ್ವಿಡ್ ಅಕ್ಕನ ಅಡುಗೆಮನೆಗೆ ಬಂದು, “ನಮ್ಮೂರಲ್ಲಿ ಅವನಿಗೆ ಎಷ್ಟು ಬಿತ್ತಕ್ಕಾ?” ಎಂದ.

“ನಲವತ್ತೊಂದು.”

“ಅದ್ರಲ್ಲಿ ಒಂದು ನಂದು,” ಎಂದು ನೆಮ್ಮದಿಯಿಂದ ಕಾಫಿ ಹೀರಿದ. ಅವಳು ಅವನ ಕಪ್ಪಿಗೆ ಇನ್ನಷ್ಟು ಬಗ್ಗಿಸಿದಳು.

ಅಂದು ಹೇಳದ್ದನ್ನು ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಮುಂದಿನ ಚುನಾವಣೆಗೆ ಮೊದಲು ಮನೆಯಲ್ಲೇ ತಿದ್ದಬಹುದಿತ್ತು, ಯಾವ ನಿಯಮವೂ ಅಡ್ಡ ಬರುತ್ತಿರಲಿಲ್ಲ. ತಿದ್ದಿದರೆ ಹಳೆಯದೂ ಹೊರಬೀಳುತ್ತಿತ್ತು. ೧೯೫೦ರಲ್ಲಿ, ೧೯೫೨ರಲ್ಲಿ, ೧೯೫೪ರಲ್ಲಿ ಅದೇ ಕೋಟು, ಅದೇ ಗುರುತು, ಅದೇ ಕಟ್ಟು.

ಆ ಚಳಿಗಾಲ ಆರ್ವಿಡ್ ನ್ಯುಮೋನಿಯಾದಿಂದ ತೀರಿಕೊಂಡ. ಸಂಸ್ಕಾರದ ದಿನ ಪಾದ್ರಿ, ಈತ ತಡವಾಗಿ ಶುರು ಮಾಡಿದರೂ ಒಂದು ಮತವನ್ನೂ ತಪ್ಪಿಸದವನು ಎಂದಾಗ ವರ್ನಾ ತಲೆ ಎತ್ತಲಿಲ್ಲ. ತಮ್ಮನಿಗಿಂತ ತನ್ನ ಒಳ್ಳೆಯ ಹೆಸರೇ ತನಗೆ ಹೆಚ್ಚಾಯಿತಲ್ಲ ಎಂಬ ಸಂಕಟ ಅವಳನ್ನು ತಿನ್ನುತ್ತಿತ್ತು.

ಮತಗಟ್ಟೆಯ ಕೆಲಸವನ್ನು ಇಂಗಾಳ ಸೊಸೆ ಮಾರ್ಲಿಸ್‌ಗೆ ಒಪ್ಪಿಸಿ, ಎಲ್ಲ ನಿಯಮಗಳನ್ನೂ ಕಲಿಸಿದಳು. ೧೯೫೬ರಲ್ಲಿ ಮತ್ತೆ ಸೆನೆಟ್ ಚುನಾವಣೆ ಬಂತು. ವರ್ನಾ ಸರದಿಯಲ್ಲಿ ನಿಂತು ಚೀಟಿ ಪಡೆದು, ಪರದೆಯ ಹಿಂದೆ ಹೋಗಿ, ಒಂದು ಹೆಸರಿನ ಮುಂದೆ ಉದ್ದ ಬಾಲದ ರೈಟ್ ಗುರುತು ಹಾಕಿದಳು.

ಎಣಿಕೆಯಲ್ಲಿ ಮಾರ್ಲಿಸ್ ಆ ಚೀಟಿಯನ್ನು ತಿರಸ್ಕರಿಸಿದ ಕಟ್ಟಿಗೆ ಹಾಕಿದಳು. ವರ್ನಾ ಅವಳಿಗೆ ಕಲಿಸಿದ್ದೇ ಹಾಗೆ.