ಎರಡು ಜಗ್ಗು

ಬೆಳಿಗ್ಗೆ ಫ್ರಿಜ್ಜಿನಲ್ಲಿ ಕಟ್ಟಿದ್ದ ಮಂಜುಗಡ್ಡೆಯನ್ನು ಸೌಟಿನ ಹಿಡಿಯಿಂದ ಕೆರೆಯುತ್ತಿದ್ದೆ. ಬೆರಳು ಮರಗಟ್ಟಿತು. ನನ್ನ ತಮ್ಮ ಹಾಲೇಶ ಇಂಥದ್ದರ ಅಡಿಯಲ್ಲಿ ಈಜಿದವನು ಎಂದರೆ ನೀವು ನಂಬುತ್ತೀರೋ ಇಲ್ಲವೋ. ನಾನಂತೂ ಮೊದಲು ನಂಬಿರಲಿಲ್ಲ.

ಎಂಬತ್ತರ ದಶಕದಲ್ಲಿ ಅವನು ಹಡಗಿನಲ್ಲಿ ಡೈವರ್ ಆಗಿದ್ದ. ನಮ್ಮ ಮನೆಯವರು ಡ್ರೈವರ್ ಎಂದೇ ತಿಳಿದು, "ಯಾವ ಲಾರಿ ಓಡಿಸ್ತಾನೆ?" ಎನ್ನುತ್ತಿದ್ದರು. ಆಮೇಲೆ ದಕ್ಷಿಣ ಧ್ರುವದ ಕಡಲಿನಿಂದ ಜಗಳೂರಿಗೆ, ನನ್ನ ಗಂಡನ ಮನೆಗೆ, ಅವನ ಕಾಗದ ಬಂತು. 'ಚಳಿಗಾಲಕ್ಕೆ ಹೆಪ್ಪುಗಟ್ಟಿದ ಸಮುದ್ರ ಇನ್ನೂ ಕರಗಿಲ್ಲ. ತೂತು ಕೊರೆದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುತ್ತೇವೆ.' ನಾಲ್ಕನೇ ಕ್ಲಾಸು ಓದಿದ ನನಗೆ ಹೆಪ್ಪು ಎಂದರೆ ಮೊಸರಿನದು.

"ಅಷ್ಟು ದೊಡ್ಡ ಸಮುದ್ರಕ್ಕೆ ಯಾರು ಹೆಪ್ಪು ಹಾಕಿದ್ರು ರೀ?"

"ನಿಮ್ಮವ್ವನೇ ಇರ್ಬೇಕು ಬಿಡು. ಆಕಿ ಮೊಸರು ಕೊಯ್ಯಾಕೆ ಕುಡುಗೋಲು ಬೇಕು."

ಇಬ್ಬರೂ ನಕ್ಕೆವು. ಮುಂದಿನ ಸಾಲಿಗೆ ನನ್ನ ನಗು ನಿಂತಿತು. 'ಸೊಂಟಕ್ಕೆ ಹಗ್ಗ, ಅದನ್ನು ಹಿಡಿಯಲು ಮೇಲೊಬ್ಬ, ಥೇಟ್ ನಮ್ಮ ಬಾವಿಯ ಥರ. ನಾನು ಮಾತ್ರ ಜಗ್ಗುವಾಗೆಲ್ಲ ಮನಸ್ಸಿನಲ್ಲಿ ಎಣಿಸುತ್ತೇನೆ. ಅವತ್ತು ಲೆಕ್ಕ ತಪ್ಪಿ ನಿನ್ನನ್ನು ಹೆದರಿಸಿದ್ದೆನಲ್ಲ ಅಕ್ಕ.'

ಅವತ್ತಿನದನ್ನು ಹೇಳಿಬಿಡುತ್ತೇನೆ. ನ್ಯಾಮತಿಯಲ್ಲಿ ನಮ್ಮ ಓಣಿಯ ಬಾವಿಗೆ ಕೊಡ ಬಿದ್ದು, ಪಾತಾಳಗರಡಿಯ ಕೊಕ್ಕೆಗೂ ಸಿಗದಿದ್ದರೆ ಹಾಲೇಶ ಮುಳುಗುತ್ತಿದ್ದ. ಹಗ್ಗದ ತುದಿ ನನ್ನ ಕೈಯಲ್ಲಿ. ಒಂದು ಜಗ್ಗಿದರೆ ಕೊಡ ಸಿಕ್ಕಿತು, ಎರಡು ಜಗ್ಗಿದರೆ ಮೇಲೆಳಿ. ಅವನು ಇಳಿದಿದ್ದಾಗ ಪಕ್ಕದ ಮನೆಯ ಗೌರಕ್ಕ ಬಂದಳು.

"ಏ ಹುಡುಗಿ, ನಿನ್ನ ನೋಡಾಕೆ ಜಗಳೂರಿನವರು ಬರ್ತಾರಂತೆ. ಹುಡುಗನ ಮೀಸೆ ಹೆಂಗೈತೆ ಗೊತ್ತಾ?"

ಎರಡು ಸಲ ಜಗ್ಗಿದ್ದು ಅಂಗೈಗೆ ತಿಳಿಯಿತು. ಮೀಸೆಯ ಸುದ್ದಿ ಮುಗಿಯಲಿ ಎಂದು ಕಾದೆ. ಆಮೇಲೆ ಹಗ್ಗ ಸುಮ್ಮನಾಯಿತು. ನಾನೂ ಗೌರಕ್ಕನೂ ಎಳೆದು ಹಾಕಿದಾಗ ಅವನ ತುಟಿ ನೀಲಿಯಾಗಿತ್ತು. ಕೆಸರಿನಲ್ಲಿ ಕಾಲು ಹೂತಿತ್ತಂತೆ. ನೀರು ಕಕ್ಕಿ, ಉಸಿರು ಬಂದ ಮೇಲೆ, "ಎರಡು ಜಗ್ಗಿದ್ನಲ್ಲಕ್ಕ" ಎಂದ.

ಕೂಗಾಟ ಕೇಳಿ ಓಡಿ ಬಂದ ಅವ್ವ ಎದುರಿಗೇ ನಿಂತಿದ್ದಳು. "ಒಂದೇ ಕಣೋ ನೀನು ಜಗ್ಗಿದ್ದು" ಎಂದೆ.

ಅವನು ನನ್ನ ಮುಖ ನೋಡಿದ. "ಹಂಗಾರೆ ನಾನೇ ತಪ್ಪಿರಬೇಕು ಬಿಡು."

ಕಾಗದಕ್ಕೆ ಉತ್ತರ ಬರೆದಾಗ ಮಕ್ಕಳ ಸುದ್ದಿ, ಎಮ್ಮೆ ಕರು ಹಾಕಿದ ಸುದ್ದಿ ಎಲ್ಲ ಬರೆದೆ. ಇದೊಂದನ್ನು ಬಿಟ್ಟೆ. ಅಷ್ಟು ದಪ್ಪ ಮಂಜುಗಡ್ಡೆಯ ಕೆಳಗೆ ಅವನು ನನ್ನ ಸುಳ್ಳನ್ನು ಎಣಿಸುತ್ತ ಈಜಲಿ ಎಂದು ಬಿಟ್ಟ ಹಾಗಾಯಿತು.

ಇವತ್ತು ಕೈ ಒರೆಸಿಕೊಂಡು ಹೊನ್ನಾಳಿಗೆ ಫೋನು ಮಾಡಿದೆ. ರಿಟೈರಾದ ಮೇಲೆ ಅವನಿರುವುದು ಅಲ್ಲೇ. ಮೀಸೆಯನ್ನೂ ಬಿಡದೆ ಎಲ್ಲ ಹೇಳಿದೆ. ಬೈಯುತ್ತಾನೆಂದು ಕಾದೆ.

"ಹಂಗಾರೆ ಅಕ್ಕ, ನಾನು ಸರಿಯಾಗೇ ಎಣಿಸಿದ್ನಾ?"

"ಸರಿಯಾಗೇ ಎಣಿಸಿದ್ದೆ ಕಣೋ."

"ಇನ್ನೊಂದ್ಸಲ ಹೇಳು."

ಹೇಳಿದೆ.