ನಾವು ಕೊಟ್ಟ ಇಟ್ಟಿಗೆ

ಮಂಡ್ಯದಲ್ಲಿ ನಮ್ಮ ಮನೆ ಮಹಡಿಗೆ ಯೆಮನ್ ಅನ್ನೋ ದೇಶದ ಗಂಡ ಹೆಂಡತಿ ಬಾಡಿಗೆಗೆ ಬಂದಿದ್ದಾರೆ. ಗಂಡ ಇಲ್ಲಿ ಕಾಲೇಜಲ್ಲಿ ಓದ್ತಾನೆ. ಆಕೆ ಕನ್ನಡ ಕಲಿತಿದ್ದು ತರಕಾರಿ ಮಾರ್ಕೆಟ್ಟಲ್ಲಿ. ಸಂಜೆ ನನ್ನ ಜೊತೆ ಅವರೆಕಾಯಿ ಸುಲಿಯೋಕೆ ಕೂರ್ತಾಳೆ.

ಒಂದಿನ ಅವಳ ಊರಿಂದ ಫೋನ್ ಬಂತು. ಅಲ್ಲಿ ವರ್ಷಗಳಿಂದ ಅವರವರಲ್ಲೇ ಯುದ್ಧ; ಅವಳ ತಾಯಿ ಒಂದು ಕೊಡ ನೀರಿಗೆ ಬೆಳಗಿಂದ ಸಾಲಲ್ಲಿ ನಿಂತಿದ್ದಳಂತೆ.

"ಯಾಕವ್ವಾ ನಿಮ್ಮೋರು ಅಂಗೆ ಒಡ್ದಾಡ್ತಾರೆ?" ಅಂದೆ.

"ಅಜ್ಜಿ, ನಮ್ಮ ಕಡೆ ಎರಡು ದೊಡ್ಡ ದೇಶ. ತುಂಬಾ ದುಡ್ಡು. ಅವರಿಬ್ಬರಿಗೂ ಆಗಲ್ಲ. ಅವರ ಮನೇಲಿ ಜಗಳ ಮಾಡಲ್ಲ, ನಮ್ಮ ಮನೇಲಿ ಮಾಡ್ತಾರೆ. ಅಣ್ಣಂಗೆ ಒಬ್ಬರು ಬಂದೂಕು ಕೊಡ್ತಾರೆ, ತಮ್ಮಂಗೆ ಇನ್ನೊಬ್ಬರು."

"ಕೊಟ್ರೆ ಈಸ್ಕಬುಡದಾ? ಬುದ್ದಿ ಎಲ್ಲೋಗಿತ್ತು?"

"ಹಸಿದವರು ಅಜ್ಜಿ. ಯಾರು ಕೊಟ್ರೂ ತಗೋತಾರೆ."

ನನಗೆ ನಮ್ಮ ಹಳ್ಳಿ ನೆನಪಾಯ್ತು.

ಆಗ ಕೊತ್ತತ್ತಿಯಲ್ಲಿ ನಾಲೆ ಪಕ್ಕದ ಒಳ್ಳೆ ಗದ್ದೆಯೆಲ್ಲ ನಮ್ಮದು, ಇಲ್ಲ ಊರಿನ ಇನ್ನೊಂದು ದೊಡ್ಡ ಮನೆತನ ಮೇಲ್ಮನೆಯವರದು. ನೀರಿನ ಸರದಿಗೆ ನಮಗೂ ಅವರಿಗೂ ಆಗ್ತಿರಲಿಲ್ಲ. ನಾವೇ ಬೀದೀಲಿ ಹೊಡೆದಾಡಿದರೆ ಮರ್ಯಾದೆ ಏನಾಗಬೇಕು? ಕಾಲುವೆ ಕೊನೇಲಿ ಅಣ್ಣ ತಮ್ಮ ಇಬ್ಬರಿದ್ದರು. ಅರ್ಧ ಎಕರೆ, ಒಂದೇ ಮನೆ, ಒಂದೇ ಒಲೆ. ಮೊದಲು ನೀರು ನಿನಗೇ ಬಿಡ್ತೀವಿ ಅಂತ ನಮ್ಮ ಯಜಮಾನರು ಅಣ್ಣನಿಗೆ ಆಸೆ ತೋರಿಸಿದರು. ಮೇಲ್ಮನೆಯವರು ತಮ್ಮನಿಗೆ ತೋರಿಸಿದರು. ನಮ್ಮೆರಡು ಮನೆ ಪರವಾಗಿ ತೂಬಿನ ಹತ್ತಿರ ಗುದ್ದಲಿ ಹಿಡಿದು ನಿಂತವರು ಅವರಿಬ್ಬರು. ತಮ್ಮನ ಕೈ ಮುರೀತು. ನಮ್ಮವರ ಮೈಮೇಲೆ ಒಂದು ಗೀರಿಲ್ಲ.

ನಾನೇನು ಸುಮ್ಮನಿದ್ದೆನಾ? ಅಣ್ಣನ ಹೆಂಡತಿಯನ್ನ ಕರೆಸಿ, "ಅಂಗಳದಾಗೆ ಗೋಡೆ ಎತ್ಸೇ, ಇಟ್ಗೆ ನಾನ್ ಕೊಡ್ತೀನಿ" ಅಂದೆ. ಎರಡು ಗಾಡಿ ಕಳಿಸಿದೆ. ಅದನ್ನ ನೋಡಿ ಮೇಲ್ಮನೆಯವರು ತಮ್ಮನಿಗೂ ಇಟ್ಟಿಗೆ ಹೊಡೆಸಿದರು. ಇಷ್ಟೇ ಇಷ್ಟಗಲ ಅಂಗಳದಲ್ಲಿ ಒತ್ತೊತ್ತಿಗೆ ಎರಡು ಗೋಡೆ ಎದ್ದವು, ನಡುವೆ ಗೇಣು ಜಾಗ. ಹಸು ತಿರುಗೋಕೆ ಆಗದೆ ಹಿಂದಹಿಂದಕ್ಕೇ ಆಚೆ ಬರ್ತಿತ್ತು. ಅದನ್ನ ನೋಡಿ ನಾವು ನಕ್ಕಿದ್ದೂ ಉಂಟು.

ಮೂರು ವರ್ಷಕ್ಕೆ ನನ್ನ ಮಗಳನ್ನ ಮೇಲ್ಮನೆಗೇ ಕೊಟ್ಟೆವು. ವೀಳ್ಯ ಬದಲಾಯಿಸಿದ ದಿನವೇ ನೀರಿನ ಸರದಿಯೂ ತೀರ್ಮಾನ ಆಯ್ತು. ಮದುವೇಲಿ ಆ ಅಣ್ಣ ತಮ್ಮ ಬೇರೆ ಬೇರೆ ಪಂಕ್ತೀಲಿ ಕೂತು ಉಂಡು ಹೋದರು. ನಾವು ಯಾರೂ ಅವರನ್ನ ಒಂದು ಕಡೆ ಕೂರಿಸಲಿಲ್ಲ. ಈಗ ಇಬ್ಬರೂ ಇಲ್ಲ.

ಯೆಮನ್ ಹುಡುಗಿ ಮಾತು ಕೇಳಿದ ಮಾರನೇ ದಿನ ಬಸ್ಸು ಹತ್ತಿ ಕೊತ್ತತ್ತಿಗೆ ಹೋದೆ. ಅಣ್ಣನ ಹೆಂಡತಿ ನಾನು ಕೊಟ್ಟ ಇಟ್ಟಿಗೆ ಗೋಡೆಗೇ ಬೆರಣಿ ತಟ್ತಿದ್ದಳು.

"ಆ ಗೋಡೆ ಕೆಡವ್ಸಿಬುಡೇ. ಕೂಲಿ ನಾನ್ ಕೊಡ್ತೀನಿ," ಅಂದೆ.

ಅವಳು ಕೈ ನಿಲ್ಲಿಸಲಿಲ್ಲ. "ಅವತ್ತು ಕಟ್ಟು ಅಂದ್ರಿ, ಕಟ್ಟುದ್ವು. ಇವತ್ತು ಕೆಡವು ಅಂತೀರಿ. ನಾನೂ ನನ್ ವಾರಗಿತ್ತೀನೂ ಈ ಗೋಡೆ ಮೇಲಿಂದ್ಲೇ ಸಾರು ಕೊಟ್ಕಂಡು ಈಸ್ಕಂಡು ಬಾಳ್ತಾ ಇಲ್ವಾ? ಈಗ ಯಾರ್ ಮೇಲೆ ಜಗಳ ಅವ್ವಾ ನಿಮ್ಗೆ?"

ಗೋಡೆ ಆಚೆಯಿಂದ ವಾರಗಿತ್ತಿ ನಕ್ಕಿದ್ದು ಕೇಳಿಸಿತು. ನೀರು ಕುಡೀತೀರಾ ಅಂತ ಇಬ್ಬರೂ ಕೇಳಲಿಲ್ಲ.

ಸಂಜೆ ಮಹಡಿಯವಳು, "ಅಜ್ಜಿ, ಎಲ್ಲಿ ಹೋಗಿದ್ರಿ?" ಅಂದಳು.

ನೆಂಟರ ಮನೆಗೆ ಅಂದೆ. ಇನ್ನೂ ಅವಳಿಗೆ ನಿಜ ಹೇಳಿಲ್ಲ.